ಪೊಲೀಸ್ ಪಾಟೀಲನ ಸನದು

ಬಹಳ ದಿನಗಳಾದವು ಇಲ್ಲಿ ಏನೂ ಬರೆಯದೆ. ಕಾರಣ ಅಂಥದ್ದೇನಿಲ್ಲ, ಬರೀ ಸೋಮಾರಿತನ. ಮೊನ್ನೆ ಊರಿಗೆ ಹೋಗಿ ಬಂದೆ. ಬಂದಾಗಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಬರೆದು ಹಾಕಿದರಾದರೂ ಹಗುರಾಗಬಹುದು ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳಿಕೊಳ್ಳಿ.

ನಮ್ಮೂರು ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ. ಹಳೇ ಮನೆಯ ಮಾಳಿಗೆ ಸೋರುತ್ತಿತ್ತು, ಬಿಚ್ಚಿಸಬೇಕಾಗಿತ್ತು. ಅಟ್ಟದ ಮೇಲಿದ್ದ ಒಂದು ಕಬ್ಬಿಣದ ಟ್ರಂಕು ಕೆಳಗೆ ಬಂತು. ಅದರೊಳಗೆ ಒಂದು ಹಿತ್ತಾಳೆ ಬಿಲ್ಲೆ, ನಾಲ್ಕಾರು ರಸೀದಿ, ಮತ್ತೆ ಮಡಿಕೆಯಲ್ಲಿ ಹರಿದುಹೋಗಿದ್ದ ಒಂದು ಉರ್ದು ಕಾಗದ. "ಇದು ನಿಮ್ಮ ಮುತ್ಯಾನ ಸನದು ನೋಡಪಾ" ಅಂದರು ಕಾಕಾ. ನಮ್ಮ ಮುತ್ಯಾ ಆ ಹಳ್ಳಿಯ ಪೊಲೀಸ್ ಪಾಟೀಲ.

ಬೆಂಗಳೂರು, ಮೈಸೂರು ಕಡೆಯವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮ ರಾಯಚೂರು, ಮಾನ್ವಿ, ದೇವದುರ್ಗದ ಕಡೆ 'ಪೊಲೀಸ್ ಪಾಟೀಲ', 'ಮಾಲಿಪಾಟೀಲ' ಅನ್ನುವ ಮನೆತನದ ಹೆಸರುಗಳು ಊರಿಗೆರಡು ಸಿಗುತ್ತವೆ. ನಾನು ಹಾಸ್ಟೆಲ್ಲಿನಲ್ಲಿದ್ದಾಗ ಗೆಳೆಯರು "ನಿಮ್ಮಪ್ಪ ಪೊಲೀಸಾ?" ಅಂತ ಕೇಳೋರು. ಅಲ್ಲ ಅಂದರೆ ನಂಬುತ್ತಿರಲಿಲ್ಲ. ನಿಜಾಮರ ಕಾಲದಲ್ಲಿ ಹಳ್ಳಿಯಲ್ಲಿ ಮೂರು ಮುಖ್ಯ ಹುದ್ದೆ. ಕಂದಾಯ ವಸೂಲಿಗೆ ಮಾಲಿ ಪಾಟೀಲ, ಲೆಕ್ಕಕ್ಕೆ ಕುಲಕರ್ಣಿ ಅಥವಾ ಪಟವಾರಿ, ಕಾವಲು-ಅಪರಾಧಕ್ಕೆ ಪೊಲೀಸ್ ಪಾಟೀಲ. ಅವರ ಕೈಕೆಳಗೆ ತಳವಾರ, ವಾಲಿಕಾರ. ಎಲ್ಲವೂ ವತನು, ಅಂದರೆ ಅಪ್ಪನಿಂದ ಮಗನಿಗೆ. ವತನುದಾರ ಚಿಕ್ಕ ಹುಡುಗನಾಗಿದ್ದರೆ ಅವನ ಪರವಾಗಿ ಒಬ್ಬ ಗುಮಾಸ್ತ ಕೆಲಸ ನೋಡಿಕೊಳ್ಳುತ್ತಿದ್ದ. ಪರೀಕ್ಷೆ ಇಲ್ಲ, ತರಬೇತಿ ಇಲ್ಲ. ಹುಟ್ಟಿದ್ದೇ ಅರ್ಹತೆ!

ಆ ಕಾಗದವನ್ನು ರಾಯಚೂರಿನಲ್ಲಿ ನಿವೃತ್ತ ಉರ್ದು ಮೇಷ್ಟ್ರೊಬ್ಬರಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನಿಧಾನಕ್ಕೆ ಓದಿ ಹೇಳಿದರು. 1340 ಫಸಲಿ ಅಂತಿದೆ, ಅಂದರೆ 1930-31. ಊರಿಗೆ ಹೊಸಬರು ಬಂದರೆ ವರದಿ ಮಾಡಬೇಕು, ಅನುಮಾನದ ಸಾವು ಆದರೆ ಠಾಣೆಗೆ ತಿಳಿಸಬೇಕು, ಕಳವಾದರೆ ಪತ್ತೆಗೆ ನೆರವಾಗಬೇಕು, ಅಮೀನ್ ಕರೆದಾಗ ಹಾಜರಾಗಬೇಕು... ಕೊನೆಗೆ, ಕರ್ತವ್ಯ ತಪ್ಪಿದರೆ ವತನು ಜಪ್ತಿ. ಓದಿ ಮುಗಿಸಿ ಮೇಷ್ಟ್ರು ನಕ್ಕರು. "ಏನೇನು ಮಾಡಬೇಕು ಅಂತ ಪೂರಾ ಬರದದ. ಏನು ಮಾಡಬಾರದು ಅಂತ ಒಂದು ಸಾಲೂ ಇಲ್ಲ ನೋಡ್ರಿ" ಅಂದರು.

ಅಲ್ಲಿಂದ ಶುರುವಾಯಿತು ನನ್ನ ತಲೆಬಿಸಿ. ಜನರ ಮೇಲೆ ಕೈ ಮಾಡುವ, ಹಿಡಿದು ಕೂಡಿಹಾಕುವ ಅಧಿಕಾರವನ್ನು ಒಬ್ಬ ಮನುಷ್ಯನಿಗೆ ಕೊಡುವವರು ಯಾರು? ಕೊಟ್ಟದ್ದನ್ನು ವಾಪಸು ತಗೊಳ್ಳುವವರು ಯಾರು? ನಮ್ಮ ಜಿಲ್ಲೆಯ ಚರಿತ್ರೆಯನ್ನೇ ಹಿಡಿದು ನೋಡಿದರೆ ಈ ಪ್ರಶ್ನೆ ನೂರೆಪ್ಪತ್ತು ವರ್ಷಗಳಿಂದ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ.

1853ರಿಂದ ನೋಡೋಣ. ಹೈದರಾಬಾದ್ ಕಂಟಿಂಜೆಂಟ್ ಅಂತ ಒಂದು ಪಡೆ ಇತ್ತು. ಸಂಬಳ ಕೊಡಬೇಕಾದವನು ನಿಜಾಮ, ನಡೆಸುವವರು ಬ್ರಿಟಿಷ್ ಅಧಿಕಾರಿಗಳು. ಅದರ ಒಂದು ದಂಡು ನಮ್ಮ ಲಿಂಗಸುಗೂರಿನಲ್ಲಿತ್ತು. ಸಂಬಳದ ಬಾಕಿ ಬೆಳೆದು ಬೆಟ್ಟವಾಯಿತು. ಕೊನೆಗೆ 1853ರ ಒಪ್ಪಂದದಲ್ಲಿ ಬೇರಾರದ ಜೊತೆಗೆ ರಾಯಚೂರು ದೋಅಬನ್ನೂ ಕಂಪನಿಯ ಕೈಗೆ ಬಿಟ್ಟುಕೊಡಬೇಕಾಯಿತು. ತನ್ನ ಮಾತು ಕೇಳದ ಒಂದು ಪಡೆಯ ಸಂಬಳಕ್ಕಾಗಿ ನಮ್ಮ ಕೃಷ್ಣಾ-ತುಂಗಭದ್ರೆಯ ನಡುವಿನ ಇಡೀ ನೆಲ ಒತ್ತೆ ಬಿತ್ತು ಅನ್ನಿ. 1857-58ರ ಗದ್ದಲ, ಪಕ್ಕದ ಸುರಪುರದ ರಾಜಾ ವೆಂಕಟಪ್ಪ ನಾಯಕನ ದಂಗೆ ಎಲ್ಲ ಮುಗಿದ ಮೇಲೆ 1860ರಲ್ಲಿ ರಾಯಚೂರು ನಿಜಾಮನಿಗೆ ವಾಪಸಾಯಿತು.

ಅದೇ 1853ರಲ್ಲಿ ಹೈದರಾಬಾದಿನ ದಿವಾನನಾದವನು ಮೊದಲನೇ ಸಾಲಾರ್ ಜಂಗ್. ಅದಕ್ಕೂ ಮುಂಚೆ ಹಳ್ಳಿಗಳಲ್ಲಿ ಕಾನೂನು ಅಂದರೆ ಜಾಗೀರುದಾರರು ಇಟ್ಟುಕೊಂಡ ಅರಬರು, ರೋಹಿಲರು. ಸಂಬಳ ಬರದಿದ್ದರೆ ಅವರು ಊರನ್ನೇ ಹಿಡಿದು ಕೂಡುತ್ತಿದ್ದರು. ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ ಮಾಡಿ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದ. ಆ ಸುಧಾರಣೆಗಳ ಜೊತೆಗೇ ಸರ್ಕಾರದ್ದೇ ಆದ ಜಿಲ್ಲಾ ಪೊಲೀಸ್ ಬಂತು. ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಯಾರು ಗೊತ್ತೇ? ಅವ್ವಲ್ ತಾಲ್ಲೂಕದಾರ, ಅಂದರೆ ಈಗಿನ ಜಿಲ್ಲಾಧಿಕಾರಿ. ಮೊಹ್ತಮಿಮ್ ಅಂತ ಕರೆಯುತ್ತಿದ್ದ ಎಸ್‌ಪಿ ಅವನ ಸಹಾಯಕ. ಅವನ ಕೆಳಗೆ ಠಾಣೆಗಳ ಅಮೀನರು. ಕಂದಾಯ ವಸೂಲಿ ಮಾಡುವವನೂ ಅವನೇ, ಪೊಲೀಸರ ಮೇಲಿನವನೂ ಅವನೇ. ತೆರಿಗೆ ಕೊಡದ ರೈತ ಯಾರ ಮೇಲೆ ಯಾರಿಗೆ ದೂರು ಕೊಡಬೇಕು?

ಇತ್ತ ಬ್ರಿಟಿಷ್ ಇಂಡಿಯಾದಲ್ಲಿ 1861ರ ಪೊಲೀಸ್ ಕಾಯಿದೆ ಬಂದಿತ್ತು. ಅದರ 8ನೇ ಸೆಕ್ಷನ್ನು ನನಗೆ ಬಹಳ ಕುತೂಹಲದ್ದು. ಪ್ರತಿ ಪೊಲೀಸನಿಗೂ ಮೊಹರು ಹಾಕಿದ ಒಂದು ನೇಮಕ ಪ್ರಮಾಣಪತ್ರ ಕೊಡಬೇಕು. ಅವನಿಗೆ ಪೊಲೀಸ್ ಅಧಿಕಾರ ಬರುವುದೇ ಆ ಪತ್ರದಿಂದ. ಕೆಲಸ ಹೋದ ಕ್ಷಣ ಪತ್ರ ಸತ್ತಂತೆ, ಕೂಡಲೇ ವಾಪಸು ಒಪ್ಪಿಸಬೇಕು. ನಮ್ಮಲ್ಲಿ ಪೊಲೀಸರಿಗೆ 'ಲೈಸೆನ್ಸು' ಅನ್ನಬಹುದಾದ ವಸ್ತು ಏನಾದರೂ ಇದ್ದರೆ ಇದೇ. ಆದರೆ ಡಾಕ್ಟರ ಲೈಸೆನ್ಸಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಡಾಕ್ಟರನ್ನು ನೇಮಿಸಿಕೊಳ್ಳುವುದು ಆಸ್ಪತ್ರೆ, ನೋಂದಣಿ ಮಾಡುವುದು, ರದ್ದು ಮಾಡುವುದು ವೈದ್ಯಕೀಯ ಪರಿಷತ್ತು. ವಕೀಲರಿಗೆ ಬಾರ್ ಕೌನ್ಸಿಲ್. ಪೊಲೀಸರಿಗೆ ಮಾತ್ರ ನೇಮಿಸುವವರೂ, ಪತ್ರ ಕೊಡುವವರೂ, ತಪ್ಪಾದರೆ ವಿಚಾರಣೆ ಮಾಡುವವರೂ ಒಂದೇ ಇಲಾಖೆ.

ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಜಿಲ್ಲಾ ಪೊಲೀಸ್ ಕಾಯಿದೆ ಇತ್ತು, 1329 ಫಸಲಿಯದು, ಅಂದರೆ 1919-20ರದ್ದು. ಅದು ಮತ್ತು ಆ ಠಾಣೆಗಳ ಕಡತವೆಲ್ಲ ಉರ್ದುವಿನಲ್ಲಿ. ಹಳ್ಳಿಯ ಕನ್ನಡದವನು ಹೇಳಿದ್ದೊಂದು, ಬರೆದುಕೊಂಡದ್ದು ಇನ್ನೊಂದು ಭಾಷೆಯಲ್ಲಿ, ಹೆಬ್ಬೆಟ್ಟು ಒತ್ತುವುದು ಇವನು. ಇವತ್ತಿಗೂ ನಮ್ಮ ಠಾಣೆಗಳಲ್ಲಿ ಫಿರ್ಯಾದಿ, ಮಹಜರು, ಜಾಮೀನು, ಜಪ್ತಿ, ದಫೇದಾರ ಅಂತ ಕೇಳಿದಾಗ ನನಗೆ ಆ ಹೆಬ್ಬೆಟ್ಟುಗಳೇ ನೆನಪಾಗುತ್ತವೆ.

ಆಮೇಲೆ 1947-48. ಖಾಸಿಂ ರಜ್ವಿಯ ರಜಾಕಾರರು. ಸಮವಸ್ತ್ರ ಇತ್ತು, ಬಂದೂಕು ಇತ್ತು, ಯಾವ ಕಾಯಿದೆಯ ಸನದೂ ಇರಲಿಲ್ಲ. ಸಂಸ್ಥಾನದ ಪೊಲೀಸರು ಅವರನ್ನು ತಡೆಯುವ ಬದಲು ಅನೇಕ ಕಡೆ ಜೊತೆಗೇ ನಿಂತರು. ನಮ್ಮ ಭಾಗದ ಜನ ಗಡಿ ದಾಟಿ ಮುಂಡರಗಿಯಂಥ ಶಿಬಿರಗಳನ್ನು ಸೇರಿದ್ದು ಆಗಲೇ. ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರು ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಟ್ಯಾಂಕು, ವಿಮಾನ ಎಲ್ಲ ಬಂದಿದ್ದರೂ ಅದಕ್ಕೆ ಇಟ್ಟ ಹೆಸರು 'ಪೊಲೀಸ್ ಆ್ಯಕ್ಷನ್'! ನಮ್ಮೂರ ಮುದುಕರು ಈಗಲೂ ಕಾಲ ಲೆಕ್ಕ ಹಾಕುವುದು "ಪೋಲಿಸ್ ಯಾಕ್ಷನ್ ಹಿಂದ, ಪೋಲಿಸ್ ಯಾಕ್ಷನ್ ಮುಂದ" ಅಂತಲೇ.

ಇಷ್ಟೆಲ್ಲ ಆದರೂ ನಮ್ಮ ಮುತ್ಯಾನ ಹುದ್ದೆ ಅಲುಗಾಡಲಿಲ್ಲ ನೋಡಿ. ನಿಜಾಮ ಹೋದ, ಮಿಲಿಟರಿ ಗವರ್ನರ್ ಚೌಧರಿ ಬಂದರು, ಹೈದರಾಬಾದ್ ರಾಜ್ಯವಾಯಿತು, 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಮುತ್ಯಾ ಮಾತ್ರ ಅದೇ ಬಿಲ್ಲೆ ಹಾಕಿಕೊಂಡು ಅದೇ ಚಾವಡಿಯಲ್ಲಿ ಕೂತಿದ್ದ. ಕೊನೆಗೆ ಅವನನ್ನು ಇಳಿಸಿದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ವತನುದಾರರು ಸುಪ್ರೀಂ ಕೋರ್ಟಿನವರೆಗೂ ಹೋದರು, ಅಲ್ಲಿ 1966ರಲ್ಲಿ ಕಾಯಿದೆಯೇ ಗೆದ್ದಿತು. (ನದಿಯಾಚೆ ತೆಲಂಗಾಣದಲ್ಲಿ ಇದೇ ಪಟೇಲ್-ಪಟವಾರಿ ಪದ್ಧತಿ ಹೋಗಲು 1984ರವರೆಗೆ, ಎನ್.ಟಿ. ರಾಮರಾವ್ ಬರುವವರೆಗೆ ಕಾಯಬೇಕಾಯಿತು.) ಬೆನ್ನಿಗೇ 1963ರ ಮೈಸೂರು ಪೊಲೀಸ್ ಕಾಯಿದೆ ಬಂದು ನಿಜಾಮರ ಫಸಲಿ ಕಾಯಿದೆಯನ್ನೂ ಮುಗಿಸಿತು. ಈಗ ಕರ್ನಾಟಕ ಪೊಲೀಸ್ ಕಾಯಿದೆ ಅನ್ನುವುದು ಅದನ್ನೇ.

ಮನೆಯಲ್ಲಿ ನಾವು ಕೇಳಿ ಬೆಳೆದ ಕಥೆ ಏನೆಂದರೆ, ಮುತ್ಯಾ ಬಹಳ ನ್ಯಾಯವಂತ. ಅವನ ಕಾಲದಲ್ಲಿ ಊರಲ್ಲಿ ಒಂದು ಕೋಳಿ ಸಹ ಕಳುವಾಗುತ್ತಿರಲಿಲ್ಲ. ಆ ಹೆಮ್ಮೆಯಿಂದಲೇ ನಾನು ಸನದನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಊರಲ್ಲಿ ಉಳಿದಿರುವ ಹಳೇ ತಳವಾರರೊಬ್ಬರ ಹತ್ತಿರ ಹೋದೆ. ಎಂಬತ್ತೈದು ದಾಟಿದೆ, ಕಣ್ಣು ಮಂಜು, ನೆನಪು ಮಾತ್ರ ಸ್ವಚ್ಛ. ಅವರಪ್ಪ ಮುತ್ಯಾನ ಕೈಕೆಳಗೆ ತಳವಾರಿಕೆ ಮಾಡಿದವರು.

ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಸವರಿ ನೋಡಿದರು. ಆಮೇಲೆ ಹೇಳಿದರು:

"ಹೌದಪಾ, ಕೋಳಿ ಕಳುವು ಆಗತಿರಲಿಲ್ಲ. ಅಮೀನ್ ಸಾಬ್ರು ಬಂದಾಗ ನಮ್ಮ ಮನಿ ಕೋಳಿ ಹೋಗತಿದ್ವು. ಅದು ಕಳುವಲ್ಲ, ಬಿಟ್ಟಿ. ನಾ ಸಣ್ಣಾವಿದ್ದಾಗ ಒಮ್ಮೆ ಕಣದಾಗಿನ ಜೋಳ ಹೋಯ್ತು. ನಮ್ಮ ದೊಡ್ಡಪ್ಪನ ಮ್ಯಾಲೆ ಅನುಮಾನ. ಎರಡು ದಿನ ಚಾವಡಿ ಕಂಬಕ್ಕ ಕಟ್ಟಿದ್ರು. ಆಮ್ಯಾಲ ಜೋಳ ಬ್ಯಾರೆ ಕಡೆ ಸಿಕ್ತು. ಬಿಚ್ಚಿ ಕಳಿಸಿದ್ರು, ಅಷ್ಟ. ಅವನ ಕೈ ಮೊದಲಿನಂಗ ಆಗಲೇ ಇಲ್ಲ."

ನಾನು ಸುಮ್ಮನೆ ಕೂತೆ. ಏನು ಹೇಳಬೇಕೋ ತಿಳಿಯಲಿಲ್ಲ. ನನ್ನ ಮುಖ ಕಾಣದಿದ್ದರೂ ಅವರಿಗೆ ಗೊತ್ತಾಗಿರಬೇಕು. "ನಿಮ್ಮ ಮುತ್ಯಾ ಕೆಟ್ಟಾವ ಅಲ್ಲ ಬಿಡು. ಬರಗಾಲದಾಗ ನಮಗ ಕಾಳು ಕೊಟ್ಟಾನ. ಆದ್ರ ಅವಗ ಕೇಳಾವ್ರು ಯಾರಿದ್ರು ಹೇಳು? ನಾವು ಕೇಳಬೇಕಂದ್ರ ಅಮೀನ್ ಹತ್ರ ಹೋಗಬೇಕು. ಅಮೀನ್ ಬಂದ್ರ ಇಳಿಯೋದು ನಿಮ್ಮ ಮನಿಯಾಗ."

ಚಹಾ ಕುಡಿದು ಎದ್ದು ಬಂದೆ. ದಾರಿಯಲ್ಲಿ ಕಾಕಾನಿಗೆ ಕೇಳಿದೆ, ಇದು ನಿನಗೆ ಗೊತ್ತಿತ್ತಾ ಅಂತ. "ಊರಿಗೆಲ್ಲ ಗೊತ್ತದ" ಅಂದರು, ಅಷ್ಟೇ.

ಇದಾದ ಮರುದಿನವೇ ಇನ್ನೊಂದು ಪ್ರಸಂಗ. ಬಸ್ಸಿನಲ್ಲಿ ನನ್ನ ಬ್ಯಾಗು ಹೋಯಿತು. ಅದರಲ್ಲಿ ಮಗಳ ಮಾರ್ಕ್ಸ್ ಕಾರ್ಡು ಇತ್ತು (ಸನದು ಇರಲಿಲ್ಲ ಪುಣ್ಯಕ್ಕೆ). ಜಿಲ್ಲೆಯ ಒಂದು ಠಾಣೆಗೆ ಹೋದೆ, ಯಾವುದು ಅಂತ ಬೇಡ. "ಕಳುವಾಗಿದೆ ಅಂತ ಬರೀಬ್ಯಾಡ್ರಿ ಸರ್, ಕಳಕೊಂಡೀನಿ ಅಂತ ಬರ್ರಿ. ಡುಪ್ಲಿಕೇಟ್ ಕಾರ್ಡಿಗೆ ಅಷ್ಟು ಸಾಕು" ಅಂದರು. ಇಲ್ಲ, ಕಳುವೇ ಆಗಿದ್ದು ಅಂದೆ. ಸಾಹೇಬರು ಬರಲಿ ಅಂದರು. ಮೂರು ತಾಸು ಕೂತೆ. ಕೊಟ್ಟ ಅರ್ಜಿಗೆ ಒಂದು ಹಿಂಬರಹ ಕೂಡ ಸಿಗಲಿಲ್ಲ. ಗಂಭೀರ ಸ್ವರೂಪದ, ಅಂದರೆ ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಕಳ್ಳತನ ಸಾಮಾನ್ಯವಾಗಿ ಅಂಥದ್ದೇ ಅಪರಾಧ. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲೂ ಆ ಹೊಣೆ ಬಹುಮಟ್ಟಿಗೆ ಉಳಿದಿದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊನೆಗೆ "ಕಳಕೊಂಡೀನಿ" ಅಂತಲೇ ಬರೆದುಕೊಟ್ಟು ಬಂದೆ. ಓದಿದವನು, ಪೊಲೀಸ್ ಪಾಟೀಲನ ಮೊಮ್ಮಗ, ನನ್ನ ಗತಿಯೇ ಹೀಗಾದರೆ ಆ ದೊಡ್ಡಪ್ಪನಂಥವರು ಏನು ಮಾಡಬೇಕು?

ಹಾಗಂತ ಕಾನೂನಿನಲ್ಲಿ ಏನೂ ಇಲ್ಲ ಅಂತಲ್ಲ. 1977ರಿಂದ 81ರವರೆಗೆ ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ ಎಂಟು ವರದಿ ಕೊಟ್ಟಿತು. ಅವು ಧೂಳು ತಿಂದವು. ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, 2006ರ ಸೆಪ್ಟೆಂಬರ್ 22ಕ್ಕೆ ತೀರ್ಪು ಬಂತು. ಏಳು ನಿರ್ದೇಶನಗಳಲ್ಲಿ ಒಂದು, ಪ್ರತಿ ರಾಜ್ಯದಲ್ಲೂ ಪ್ರತಿ ಜಿಲ್ಲೆಯಲ್ಲೂ ಪೊಲೀಸರ ಮೇಲಿನ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಬೇಕು ಅನ್ನುವುದು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇದನ್ನು ಸೇರಿಸಿತು. ಆದರೆ ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಬೇಕು ಅಂತ ಕೋರ್ಟು ಹೇಳಿದ್ದರೆ, ನಮ್ಮಲ್ಲಿ ಅಧ್ಯಕ್ಷರು ಪ್ರಾದೇಶಿಕ ಆಯುಕ್ತರು. ಅಂದರೆ ಸರ್ಕಾರಿ ಅಧಿಕಾರಿಯೇ. ಅವ್ವಲ್ ತಾಲ್ಲೂಕದಾರ ಇನ್ನೂ ಒಂದು ಮೆಟ್ಟಿಲು ಮೇಲೆ ಹತ್ತಿ ಕೂತ ಹಾಗೆ ನನಗೆ ಕಂಡಿತು.

ದಾರಿಯನ್ನೂ ನೋಡಿ. ಮಾನ್ವಿಯ ಒಬ್ಬ ಹೆಣ್ಣುಮಗಳಿಗೆ ಪೊಲೀಸರಿಂದ ಅನ್ಯಾಯವಾಯಿತು ಅಂದುಕೊಳ್ಳಿ. ಎಸ್‌ಪಿ ಇರುವುದು ರಾಯಚೂರಿನಲ್ಲಿ, ಅವರ ಮೇಲಿನ ಐಜಿಪಿ ಬಳ್ಳಾರಿಯಲ್ಲಿ, ಪ್ರಾದೇಶಿಕ ಆಯುಕ್ತರು ಕಲಬುರಗಿಯಲ್ಲಿ, ರಾಜ್ಯ ಪ್ರಾಧಿಕಾರ ಮತ್ತು ಮಾನವ ಹಕ್ಕುಗಳ ಆಯೋಗ ಬೆಂಗಳೂರಿನಲ್ಲಿ. ಹೈಕೋರ್ಟು ಮಾತ್ರ 2008ರಿಂದ ಕಲಬುರಗಿಗೆ ಬಂದಿದೆ. ಅದಕ್ಕೂ ಮುಂಚೆ ಅದಕ್ಕೂ ನಾನೂರು ಕಿಲೋಮೀಟರ್ ಮೀರಿದ ಹಾದಿ. ಮೊಕದ್ದಮೆ ಹೂಡಬೇಕೆಂದರೆ ಪೊಲೀಸ್ ಕಾಯಿದೆಯ 170ನೇ ಸೆಕ್ಷನ್ ಅಡ್ಡ ಬರುತ್ತದೆ, ಸರ್ಕಾರದ ಅನುಮತಿ ಬೇಕು. ಕರ್ನಾಟಕದ್ದೇ ಆದ ದೇವರಾಜ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯವಾಗಿದ್ದರೆ, ಮಿತಿ ಮೀರಿದ್ದರೂ ಅನುಮತಿ ಬೇಕೇ ಬೇಕು.

ತಮಾಷೆಯ ವಿಷಯವೊಂದಿದೆ. ರಾಯಚೂರಿನ ಎಟಿಎಂ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಾನಲ್ಲ ಸೆಕ್ಯೂರಿಟಿಯವನು, ಅವನ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯಿದೆ ಪ್ರಕಾರ ರಾಜ್ಯ ಸರ್ಕಾರದ ಲೈಸೆನ್ಸು ಬೇಕು. ತಪ್ಪಿದರೆ ಅದನ್ನು ರದ್ದು ಮಾಡಬಹುದು. ಕೇಂದ್ರದ ಮಾದರಿ ನಿಯಮದಲ್ಲಿ ಅವನಿಗೆ 160 ಗಂಟೆ ತರಬೇತಿ ಅಂತಿದೆ. ಕೋಲು ಹಿಡಿದವನಿಗೆ ಲೈಸೆನ್ಸು, ಬಂಧಿಸುವ ಅಧಿಕಾರ ಇರುವವನಿಗೆ ಇಲ್ಲ!

ಹೊರಗಡೆ ಹೇಗೆ ಅಂತ ಹುಡುಕಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪೊಲೀಸರಿಗೆ ರಾಜ್ಯ ಮಂಡಳಿಯ ಪ್ರಮಾಣಪತ್ರ ಬೇಕು, ದುರ್ನಡತೆ ಸಾಬೀತಾದರೆ ಮಂಡಳಿಯೇ ಕಿತ್ತುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಂಥ ದೊಡ್ಡ ರಾಜ್ಯ ಈ ಕಾನೂನು ಮಾಡಿದ್ದು 2021ರಲ್ಲಿ. ಇಂಗ್ಲೆಂಡಿನಲ್ಲಿ 2017ರಿಂದ ವಜಾ ಆದವರ ಪಟ್ಟಿ ಇದೆ, ಅದರಲ್ಲಿ ಹೆಸರು ಬಿದ್ದರೆ ಬೇರೆ ಯಾವ ಪೊಲೀಸ್ ಪಡೆಯೂ ತೆಗೆದುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಸಾವಿರಾರು ಸಣ್ಣ ಇಲಾಖೆಗಳು, ಒಂದು ಊರಲ್ಲಿ ಕೆಲಸ ಕಳೆದುಕೊಂಡವನು ಪಕ್ಕದ ಊರಲ್ಲಿ ಸೇರಿಕೊಳ್ಳುವುದು ಅವರ ತೊಂದರೆ. ನಮ್ಮಲ್ಲಿ ಆ ತೊಂದರೆ ಇಲ್ಲ ಅಂದುಕೊಂಡೆ, ಇಡೀ ರಾಜ್ಯಕ್ಕೆ ಒಂದೇ ಇಲಾಖೆ ತಾನೆ? ಆಮೇಲೆ ಹೊಳೆಯಿತು, ನಮ್ಮಲ್ಲೂ ಅದೇ ಇದೆ. ಅದಕ್ಕೆ ನಮ್ಮ ಹೆಸರು 'ಎತ್ತಂಗಡಿ'. ಗಲಾಟೆಯಾಯಿತೋ, ವರ್ಗ ಮಾಡು. ದಕ್ಷಿಣದಲ್ಲಿ ತಪ್ಪು ಮಾಡಿದವರನ್ನು ಎಲ್ಲಿಗೆ ಕಳಿಸುತ್ತಾರೆ ಅಂತ ನಮ್ಮ ಕಡೆಯ ಯಾರನ್ನು ಬೇಕಾದರೂ ಕೇಳಿ. "ಶಿಕ್ಷೆ ಅಂತ ನಮ್ಮ ಜಿಲ್ಲಾಕ್ಕ ಕಳಸ್ತಾರ" ಅನ್ನುವ ಮಾತು ನಾನು ಶಾಲೆಗೆ ಹೋಗುವ ಕಾಲದಿಂದ ಕೇಳುತ್ತಿದ್ದೇನೆ. ಶಿಕ್ಷೆ ಅಧಿಕಾರಿಗೋ, ಜಿಲ್ಲೆಯ ಜನಕ್ಕೋ?

ಇಷ್ಟು ಬರೆದು ಠಾಣೆಯವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದೂ ಅನ್ಯಾಯ. ಅವತ್ತು ಮೂರು ತಾಸು ಕೂತಾಗ ನೀರು ತಂದುಕೊಟ್ಟ ಹುಡುಗನೊಬ್ಬ ಇದ್ದ, ಹೊಸ ಕಾನ್‌ಸ್ಟೆಬಲ್. "ಸರ್, ನಂದು ನಿನ್ನೆ ಮುಂಜಾನಿಂದ ಡ್ಯೂಟಿ" ಅಂದ. 2016ರ ಜೂನ್ 4ಕ್ಕೆ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಲು ಹೊರಟಿದ್ದರು, ನೆನಪಿದೆಯೇ? ಸಂಬಳ, ರಜೆ, ಮೇಲಿನವರ ಕಿರುಕುಳ, ಇವೇ ಅವರ ದೂರು. 1966ರ ಕಾಯಿದೆ ಪ್ರಕಾರ ಅವರು ಬೇರೆಯವರ ಹಾಗೆ ಸಂಘ ಕಟ್ಟುವಂತಿಲ್ಲ. ನಮಗೆ ಪೊಲೀಸರ ಮೇಲೆ ದೂರು ಕೊಡಲು ಜಾಗವಿಲ್ಲ, ಆ ಹುಡುಗನಿಗೆ ತನ್ನ ಸಾಹೇಬರ ಮೇಲೆ ದೂರು ಕೊಡಲು ಜಾಗವಿಲ್ಲ. ಇಬ್ಬರಿಗೂ ಇಲಾಖೆಯ ಹೊರಗೆ ಕೇಳುವ ಒಂದು ಕಿವಿ ಬೇಕು. ಅದು ಬೆಂಗಳೂರಿನಲ್ಲಿದ್ದರೆ ಸಾಲದು, ದೇವದುರ್ಗದ ಬಸ್ಸು ಹತ್ತಿ ಸಂಜೆಯೊಳಗೆ ಮನೆಗೆ ವಾಪಸು ಬರುವಷ್ಟು ಹತ್ತಿರ ಇರಬೇಕು.

ಸನದನ್ನು ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಬೇಕು ಅಂತ ಹೊರಟಾಗ ಅಂದುಕೊಂಡಿದ್ದೆ. ಈಗ ಮನಸ್ಸಾಗುತ್ತಿಲ್ಲ. ಬಿಸಾಡಲೂ ಆಗುತ್ತಿಲ್ಲ. ಸದ್ಯಕ್ಕೆ ಕಪಾಟಿನಲ್ಲಿದೆ. ಮೇಷ್ಟ್ರು ಓದಿ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಕೆಳಗೆ ತಳವಾರರ ದೊಡ್ಡಪ್ಪನ ಸಂಗತಿಯನ್ನೂ ಬರೆದಿದ್ದೇನೆ. ನನ್ನ ಮಗಳು ಓದುವಾಗ ಎರಡನ್ನೂ ಒಟ್ಟಿಗೆ ಓದಲಿ.

ನಿಮ್ಮಲ್ಲೂ ಪಾಟೀಲಕಿ, ಶಾನುಭೋಗಿಕೆ, ಗೌಡಕಿ ಮನೆತನದವರು ಬಹಳ ಜನ ಇದ್ದೀರಿ ಅಂತ ಗೊತ್ತು. ಅಟ್ಟದ ಮೇಲೆ ಟ್ರಂಕು ಇದ್ದರೆ ಇಳಿಸಿ ನೋಡಿ. ಕಾಗದ ಸಿಕ್ಕರೆ ಬರೆಯಿರಿ. ಆದರೆ ಬರೆಯುವ ಮುಂಚೆ ಊರಿಗೆ ಹೋಗಿ, ಆ ಕಾಗದದ ಇನ್ನೊಂದು ಬದಿಯಲ್ಲಿದ್ದವರ ಮನೆಯಲ್ಲಿ ಒಂದು ಕಪ್ಪು ಚಹಾ ಕುಡಿದು ಬನ್ನಿ.